ಯಾರದೋ ತಲೆ, ಯಾರದೋ ಕಮೋಡು

ಗೃಹಪ್ರವೇಶಕ್ಕೆ ಉಡಬೇಕೆಂದು ಎತ್ತಿಟ್ಟಿದ್ದ ನನ್ನ ಜರಿಪಂಚೆ ಬಚ್ಚಲಿನ ನೀಲಿ ಟಬ್ಬಿನಲ್ಲಿ ನೆನೆಯುತ್ತಿತ್ತು. ಅದರ ಮೇಲೆ ನಮ್ಮ ಮೊಮ್ಮಗ ಕುಕ್ಕರುಗಾಲಿನಲ್ಲಿ ಕೂತಿದ್ದ. ಟಬ್ಬಿನ ಅಂಚಿನಿಂದ ಮೇಲೆ ಕಾಣುತ್ತಿದ್ದುದು ಅವನ ತಲೆ ಒಂದೇ. ನಾನು ಬಾಗಿಲು ತೆರೆದದ್ದೇ ತಡ, ಆ ತಲೆ ಕತ್ತು ಉದ್ದ ಮಾಡಿ, ಕಣ್ಣು ಅಗಲಿಸಿ, ‘ಸ್ಕಿಬಿಡಿ’ ಎಂದೇನೋ ಶುರುವಾಗುವ ಹಾಡನ್ನು ನನ್ನ ಮುಖಕ್ಕೇ ಹಾಡಿತು. ಪಂಚೆ ಯಾಕೋ ಇಲ್ಲಿಗೆ ಬಂತು ಎಂದರೆ, ಕೂರಲು ಮೆತ್ತಗಿರಲಿ ಎಂದು ಹಾಸಿಕೊಂಡನಂತೆ. ಸರಿ, ನೀರು ಯಾಕೆ ಬಿಟ್ಟೆ? “ಕಮೋಡಲ್ಲಿ ನೀರು ಇರಲ್ವಾ ತಾತ?” ತರ್ಕದಲ್ಲಿ ದೋಷ ಹುಡುಕಿದೆ, ಸಿಗಲಿಲ್ಲ. ಪ್ಯಾಂಟು ತೊಟ್ಟುಕೊಂಡೇ ಹೊರಟೆ. ಅಲ್ಲಿ ಪುರೋಹಿತರು ನನ್ನನ್ನು ಅಡುಗೆ ಕಂಟ್ರ್ಯಾಕ್ಟರ್ ಕಡೆಯವನೆಂದು ತಿಳಿದು, “ಎಷ್ಟು ಹೊತ್ತಿಗೆ ಎಲೆ ಹಾಕ್ತೀರಿ?” ಎಂದು ವಿಚಾರಿಸಿದರು. ಹನ್ನೆರಡೂವರೆಗೆ ಎಂದೆ. ನನಗೂ ಹಸಿವಾಗಿತ್ತು.

ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತವಳು ನನ್ನ ತಂಗಿಯ ಮಗಳು. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಅವಳಿಗೆ ಕೆಲಸ. ಹೊರದೇಶದ ವಿಡಿಯೋ ಗೇಮ್‌ಗಳಿಗೆ ಬೇಕಾದ ಬಾಗಿಲು, ಡ್ರಮ್ಮು, ಲಾರಿ, ಕಸದ ಬುಟ್ಟಿ ಇವನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತಾಳೆ. ಕಸದ ಬುಟ್ಟಿ ಮಾಡುವುದಕ್ಕೆ ಇಂಜಿನಿಯರಿಂಗ್ ಯಾಕೆ ಓದಬೇಕಿತ್ತು ಎಂದು ನಮ್ಮಮ್ಮ ಈಗಲೂ ಕೇಳುತ್ತಾರೆ. ನನ್ನ ಪಂಚೆಯ ಕತೆ ಕೇಳಿ ಅವಳು ನಕ್ಕದ್ದು ನಕ್ಕಳು. ಆಮೇಲೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, “ಮಾವ, ನಿಮ್ಮ ಮೊಮ್ಮಗ ಆಡಿದ ಆಟ ಸಾಮಾನ್ಯದ್ದಲ್ಲ, ದೊಡ್ಡ ಕಾಪಿರೈಟ್ ಜಗಳದ ವಸ್ತು” ಎಂದಳು. ನಾನು ಆಡಿದ ಕೊನೆಯ ವಿಡಿಯೋ ಗೇಮು ನೋಕಿಯಾ ಫೋನಿನ ಹಾವಿನಾಟ. ಆ ಹಾವು ತನ್ನ ಬಾಲವನ್ನೇ ಕಚ್ಚಿಕೊಂಡು ಸಾಯುತ್ತಿತ್ತೇ ಹೊರತು ಯಾರಿಗೂ ನೋಟಿಸು ಕಳಿಸಿದ್ದು ನಾನು ಕಾಣೆ. ಆದ್ದರಿಂದ ಅವಳ ಮಾತು ನಂಬುವುದಕ್ಕೆ ಎರಡು ಹೋಳಿಗೆ ಹಿಡಿಯಿತು.

ವಿಷಯ ಹೀಗೆ. ‘ಸ್ಕಿಬಿಡಿ ಟಾಯ್ಲೆಟ್’ ಎಂಬುದು 2023ರ ಫೆಬ್ರವರಿಯಲ್ಲಿ ಅಲೆಕ್ಸಿ ಗೆರಾಸಿಮೊವ್ ಎಂಬಾತ ಯೂಟ್ಯೂಬಿಗೆ ಹಾಕಲು ಶುರುಮಾಡಿದ ಪುಟ್ಟ ಪುಟ್ಟ ವಿಡಿಯೋಗಳ ಸರಣಿ. ಮೊದಲನೆಯದು ಕೆಲವೇ ಸೆಕೆಂಡಿನದು: ಕಮೋಡಿನೊಳಗಿಂದ ಒಂದು ತಲೆ ಎದ್ದು ಹಾಡುತ್ತದೆ, ಅಷ್ಟೇ. ಮುಂದೆ ಕಮೋಡುಗಳ ದಂಡೇ ಊರಿನ ಮೇಲೆ ಏರಿಬರುತ್ತದೆ. ತಲೆಯ ಜಾಗದಲ್ಲಿ ಕ್ಯಾಮೆರಾ ಇರುವವರು, ಸ್ಪೀಕರ್ ಇರುವವರು, ಟಿವಿ ಇರುವವರು ಎದುರು ನಿಂತು ಕಾದುತ್ತಾರೆ. ಮಾತು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಭಾಷೆಯ ತಂಟೆ ಇಲ್ಲ. ಮೊಮ್ಮಗನ ಜೊತೆ ಕೂತು ಒಂದಷ್ಟು ಕಂತು ನಾನೂ ನೋಡಿದೆ. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ತಿಳಿಯುವಷ್ಟರಲ್ಲಿ ಇಬ್ಬರೂ ಸ್ಫೋಟಿಸಿರುತ್ತಾರೆ. ಲೋಕದ ಮಕ್ಕಳು ಇದನ್ನು ಕೋಟಿಗಟ್ಟಲೆ ಸಲ ನೋಡಿದ್ದಾರೆ. 2024ರಲ್ಲಿ, ‘ಟ್ರಾನ್ಸ್‌ಫಾರ್ಮರ್ಸ್’ ಚಿತ್ರಗಳ ನಿರ್ದೇಶಕ ಮೈಕೆಲ್ ಬೇ ಇದನ್ನು ಸಿನಿಮಾ, ಟಿವಿಗೆ ತರುವ ಪ್ರಯತ್ನದಲ್ಲಿ ಸೇರಿದ್ದಾರೆ ಎಂಬ ಸುದ್ದಿಯೂ ಬಂತು. ಕಮೋಡಿಗೆ ಇಂಥ ಕಾಲ ಬರುತ್ತದೆಂದು ಯಾರು ಎಣಿಸಿದ್ದರು!

ಈಗ ಆ ತಲೆಯ ವಿಚಾರ. ಅದು ಗೆರಾಸಿಮೊವ್ ಬಿಡಿಸಿದ ತಲೆಯಲ್ಲ. ಅಮೆರಿಕದ ವಾಲ್ವ್ ಕಂಪನಿ 2004ರ ನವೆಂಬರಿನಲ್ಲಿ ಹೊರತಂದ ‘ಹಾಫ್-ಲೈಫ್ 2’ ಎಂಬ ಆಟದಲ್ಲಿ ಬೀದಿಯಲ್ಲಿ ಸುಮ್ಮನೆ ನಿಂತಿರುವ ಊರ ಜನರಿದ್ದಾರಲ್ಲ, ಅವರಲ್ಲೊಬ್ಬನದು. ಆ ಆಟದ ಹಲವು ಮುಖಗಳನ್ನು ನಿಜವಾದ ಮನುಷ್ಯರ ಮುಖ ನೋಡಿಯೇ ಮಾಡಿದ್ದು. ಕುಣಿಸುವ ಸಾಧನವೂ ವಾಲ್ವ್‌ನದೇ: ‘ಸೋರ್ಸ್ ಫಿಲ್ಮ್‌ಮೇಕರ್’ ಎಂಬ ತಂತ್ರಾಂಶ, 2012ರಲ್ಲಿ ಪುಕ್ಕಟೆ ಬಿಟ್ಟದ್ದು. ಹಾಡಂತೂ ಎರಡು ಹಾಡುಗಳನ್ನು ಒಂದರ ಮೇಲೊಂದು ಹೇರಿದ್ದು: ಅಮೆರಿಕದ ಟಿಂಬಲ್ಯಾಂಡ್‌ನದೊಂದು, ಬಲ್ಗೇರಿಯಾದ ಬಿಸರ್ ಕಿಂಗ್‌ನದೊಂದು. ತಲೆ ಒಬ್ಬರದು, ಹಾಡು ಇಬ್ಬರದು, ಕುಣಿಸುವ ಸೂತ್ರ ಮತ್ತೆ ಮೊದಲಿನವರದು. ಹಾಗಾದರೆ ಗೆರಾಸಿಮೊವ್‌ನದು ಏನು? ಈ ತಲೆಯನ್ನು ಕಮೋಡಿನಲ್ಲಿಟ್ಟರೆ ಲೋಕ ನಗುತ್ತದೆ ಎಂದು ಹೊಳೆದದ್ದು ಅವನಿಗೆ. ಸಣ್ಣ ಮಾತಲ್ಲ. ಹದಿನೆಂಟು ವರ್ಷದಿಂದ ಆ ತಲೆ ಆಟದ ಬೀದಿಯಲ್ಲೇ ನಿಂತಿತ್ತು. ಲಕ್ಷಾಂತರ ಜನ ಅದರ ಪಕ್ಕದಲ್ಲೇ ಓಡಾಡಿದ್ದರು. ಹೊಳೆದದ್ದು ಒಬ್ಬನಿಗೆ.

ನಮ್ಮ ಕಡೆ ಪಾತ್ರೆಗಳ ಮೇಲೆ ಹೆಸರು ಕೆತ್ತಿಸುವ ಪದ್ಧತಿ ಇದೆ. ಮದುವೆ ಉಡುಗೊರೆಯ ಸ್ಟೀಲು ಡಬರಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊಟ್ಟವರ ಹೆಸರು, ತಾರೀಖು ಇರುತ್ತದೆ. ಪಕ್ಕದ ಮನೆಗೆ ಡಬರಿ ಸಾಲ ಹೋದರೆ ಹೆಸರೂ ಜೊತೆಗೇ ಹೋಗುತ್ತದೆ. ಅವರು ಅದರಲ್ಲಿ ಪಾಯಸ ಮಾಡಿದರೆ ಪಾಯಸ ಅವರದು, ಡಬರಿ ನಮ್ಮದು. ಇದರಲ್ಲಿ ಇದುವರೆಗೆ ಯಾರಿಗೂ ಗೊಂದಲ ಆಗಿಲ್ಲ. ತೊಳೆದು, ಒಂದು ಲೋಟ ಪಾಯಸವನ್ನೋ, ಹಿಡಿ ಸಕ್ಕರೆಯನ್ನೋ ಹಾಕಿ ವಾಪಸ್ಸು ಕೊಡುವುದು ಮರ್ಯಾದೆ. ಕಂಪ್ಯೂಟರಿನ ಲೋಕದಲ್ಲಿ ತೊಡಕು ಎಲ್ಲಿ ಬಂತೆಂದರೆ, ಅಲ್ಲಿ ಪಾಯಸ ಬೇರೆ ಪಾತ್ರೆ ಬೇರೆ ಮಾಡಲು ಆಗುವುದಿಲ್ಲ. ತಲೆ ತೆಗೆದು ವಾಪಸ್ಸು ಕೊಟ್ಟರೆ ಉಳಿಯುವುದು ಬರೀ ಕಮೋಡು.

ಆಟದೊಳಗಿನ ಸಾಮಾನು ತೆಗೆದು ಸಿನಿಮಾ ಮಾಡುವುದು ಹೊಸದೂ ಅಲ್ಲ. 1996ರಲ್ಲೇ ‘ಕ್ವೇಕ್’ ಎಂಬ ಗುಂಡು ಹಾರಿಸುವ ಆಟವನ್ನು ಆಡುತ್ತಿದ್ದ ಒಂದು ತಂಡ ಅದರೊಳಗೇ ಒಂದೆರಡು ನಿಮಿಷದ ಕತೆ ಕಟ್ಟಿತ್ತು. 2003ರ ಏಪ್ರಿಲ್ ಒಂದರಂದು, ಮೂರ್ಖರ ದಿನವೇ ನೋಡಿ, ಅಮೆರಿಕದ ಟೆಕ್ಸಾಸಿನ ಕೆಲವು ಗೆಳೆಯರು ‘ರೆಡ್ ವರ್ಸಸ್ ಬ್ಲೂ’ ಎಂಬ ಸರಣಿ ಶುರುಮಾಡಿದರು. ಮೈಕ್ರೋಸಾಫ್ಟಿನ ‘ಹೇಲೋ’ ಆಟದ ಸೈನಿಕರೇ ಪಾತ್ರಧಾರಿಗಳು. ಯುದ್ಧ ಮಾಡಬೇಕಾದ ಆ ಸೈನಿಕರು ಯುದ್ಧ ಬಿಟ್ಟು ಬೇರೆಲ್ಲದರ ಬಗ್ಗೆ ಹರಟುತ್ತ ನಿಂತಿರುತ್ತಾರೆ. ಎಲ್ಲರಿಗೂ ಹೆಲ್ಮೆಟ್ಟು, ಹಾಗಾಗಿ ತುಟಿ ಆಡಿಸುವ ರಗಳೆ ಇಲ್ಲ. ಯಾರು ಮಾತಾಡುತ್ತಾರೋ ಅವರ ತಲೆ ಮೇಲೆ ಕೆಳಗೆ ಆಡುತ್ತದೆ, ಅಷ್ಟೇ. ಕಷ್ಟ ಇದ್ದದ್ದು ಬಂದೂಕಿನದು. ಆಟದ ಸೈನಿಕ ಸದಾ ಬಂದೂಕು ಗುರಿಯಿಟ್ಟೇ ನಿಂತಿರುತ್ತಾನೆ. ಎದೆಗೆ ಗುರಿಯಿಟ್ಟುಕೊಂಡು ಕುಶಲೋಪರಿ ಹೇಗೆ ಮಾತಾಡುವುದು? ಪಿಸ್ತೂಲು ಹಿಡಿದು ನೆಲ ನೋಡಿದರೆ, ಆಟದೊಳಗಿನ ಒಂದು ದೋಷದಿಂದಾಗಿ, ಸೈನಿಕ ಪಿಸ್ತೂಲು ಇಳಿಸಿ ಎದುರಿಗೆ ನೋಡಿದ ಹಾಗೆ ಬೇರೆಯವರಿಗೆ ಕಾಣುತ್ತಿತ್ತು. ಆ ದೋಷವನ್ನೇ ನಂಬಿ ಅವರು ಸಂಸಾರ ನಡೆಸಿದರು.

ಆಟದ ಒಡೆಯರ ಕಿವಿಗೆ ಇದು ಬಿದ್ದಾಗ ಬಾಗಿಲು ಮುಚ್ಚಿಸಬಹುದಿತ್ತು. ಕಾನೂನು ಅವರ ಕಡೆಯೇ ಇತ್ತು. ಅವರು ಮುಚ್ಚಿಸಲಿಲ್ಲ, ಪರವಾನಗಿ ಶುಲ್ಕವನ್ನೂ ಕೇಳದೆ ನಡೆಯಲಿ ಎಂದರು. ಅಷ್ಟೇ ಅಲ್ಲ, ಮುಂದಿನ ‘ಹೇಲೋ 2’ ಆಟದಲ್ಲಿ ಬಂದೂಕು ಇಳಿಸಿ ನಿಲ್ಲುವುದಕ್ಕೆಂದೇ ಒಂದು ಗುಟ್ಟಿನ ಉಪಾಯ ಇಟ್ಟುಕೊಟ್ಟರು. 2007ರಲ್ಲಿ ಮೈಕ್ರೋಸಾಫ್ಟು ತನ್ನ ಆಟಗಳ ಸಾಮಾನನ್ನು ಜನ ಎಷ್ಟರ ಮಟ್ಟಿಗೆ ಬಳಸಬಹುದು ಎಂದು ನಿಯಮ ಬರೆದು ಪ್ರಕಟಿಸಿತು. ‘ರೆಡ್ ವರ್ಸಸ್ ಬ್ಲೂ’ ಇಪ್ಪತ್ತು ವರ್ಷ ದಾಟಿ 2024ರಲ್ಲಿ ಮುಗಿಯಿತು. ಮುಗಿದದ್ದು ನೋಟಿಸಿನಿಂದಲ್ಲ, ಅದನ್ನು ಮಾಡುತ್ತಿದ್ದ ಕಂಪನಿಯೇ ಬಾಗಿಲು ಹಾಕಿದ್ದರಿಂದ. ನಮ್ಮ ಎಷ್ಟೋ ಧಾರಾವಾಹಿಗಳೂ ಇಷ್ಟು ಕಾಲ ಬಾಳಿಲ್ಲ. ಬಾಳುವ ಲಕ್ಷಣವಿರುವ ಒಂದೆರಡನ್ನು ನಮ್ಮ ಮನೆಯಾಕೆ ಬಿಡದೆ ನೋಡುತ್ತಾಳೆ.

ಎಲ್ಲ ಒಡೆಯರೂ ಹೀಗಲ್ಲ. ಜಪಾನಿನ ನಿಂಟೆಂಡೊ, ಮಾರಿಯೋ ಎಂಬ ಮೀಸೆಯ ಕೊಳಾಯಿ ರಿಪೇರಿಯವನನ್ನು ಲೋಕಕ್ಕೆ ಕೊಟ್ಟವರು, ಕೈ ಸ್ವಲ್ಪ ಬಿಗಿ. ತಮ್ಮ ಆಟ ಆಡುತ್ತ ಮಾತಾಡುವವರ ಯೂಟ್ಯೂಬ್ ವಿಡಿಯೋಗಳ ಜಾಹೀರಾತಿನ ದುಡ್ಡು ತಮಗೇ ಬರಬೇಕೆಂದು 2013ರಲ್ಲಿ ಹಕ್ಕು ಹೂಡಿದರು. 2015ರಲ್ಲಿ ಒಂದು ಒಪ್ಪಂದದ ಯೋಜನೆ ತಂದರು: ಹೆಸರು ನೋಂದಾಯಿಸಿದವರಿಗೆ ಜಾಹೀರಾತಿನ ತಮ್ಮ ಪಾಲಿನಲ್ಲಿ ಬಿಡಿ ವಿಡಿಯೋ ಆದರೆ ನೂರಕ್ಕೆ 60, ಇಡೀ ಚಾನೆಲ್ಲಾದರೆ 70 ಕೊಡುವುದು. ಅದರ ಲೆಕ್ಕಪತ್ರ ಯಾರಿಗೂ ಹಿತವಾಗಲಿಲ್ಲ. 2018ರ ಕೊನೆಗೆ ಅದನ್ನು ಮುಚ್ಚಿ, ನಮ್ಮ ಆಟದ ದೃಶ್ಯಕ್ಕೆ ನಿಮ್ಮದೂ ಏನಾದರೂ ಸೇರಿಸಿದ್ದರೆ ಹಾಕಿಕೊಳ್ಳಿ, ಜಾಹೀರಾತಿನ ದುಡ್ಡೂ ತೆಗೆದುಕೊಳ್ಳಿ ಎಂದು ನಾಲ್ಕು ಸಾಲು ನಿಯಮ ಬರೆದರು. ಐದು ವರ್ಷದ ಜಗ್ಗಾಟ ಕೊನೆಗೆ ಬಂದು ನಿಂತದ್ದು ಅಲ್ಲಿಗೆ.

ನೋಟಿಸಿನ ರುಚಿ ನನಗೆ ಗೊತ್ತಿಲ್ಲದ್ದಲ್ಲ. ಅದೇ ಗೃಹಪ್ರವೇಶದಲ್ಲಿ ನಾನು ಫೋನಿನಲ್ಲಿ ಹಿಡಿದ ವಿಡಿಯೋವನ್ನು ಅಮೆರಿಕದ ನೆಂಟರು ನೋಡಲಿ ಎಂದು ಒಂದು ಜಾಲತಾಣಕ್ಕೆ ಹಾಕಿದ್ದೆ. ಮನೆಯವರು ಮೂಲೆಯಲ್ಲಿ ಸ್ಪೀಕರಿನಲ್ಲಿ ಸುಪ್ರಭಾತ ಹಚ್ಚಿಟ್ಟಿದ್ದರು. ಮರುದಿನ ಹೊತ್ತಿಗೆ ಒಂದು ಓಲೆ ಬಂತು: ನಿಮ್ಮ ವಿಡಿಯೋದ ಧ್ವನಿಯ ಮೇಲೆ ಬೇರೆಯವರ ಹಕ್ಕು ಇದೆ, ಆದ್ದರಿಂದ ಧ್ವನಿ ಕತ್ತರಿಸಲಾಗಿದೆ. ಈಗ ಆ ವಿಡಿಯೋದಲ್ಲಿ ಪುರೋಹಿತರು ಗಣಹೋಮದ ಉದ್ದಕ್ಕೂ ಬಾಯಿ ಮಾತ್ರ ಆಡಿಸುತ್ತಾರೆ. ಹಸು ಒಳಗೆ ಬರುತ್ತದೆ, ಬಾಯಿ ತೆರೆಯುತ್ತದೆ, ಶಬ್ದವಿಲ್ಲ. ನಮ್ಮ ಭಾವ ಅಲ್ಲಿಂದ ಫೋನು ಮಾಡಿ, “ಅಲ್ಲಿ ಎಲ್ಲರೂ ಮೌನವ್ರತವೇ?” ಎಂದು ಕೇಳಿದರು. ಹಕ್ಕು ಇರುವವರು ತಮ್ಮ ಹಾಡು, ಚಿತ್ರಗಳ ಮಾದರಿಯನ್ನು ಮೊದಲೇ ಕೊಟ್ಟಿಟ್ಟಿರುತ್ತಾರಂತೆ. ಯಂತ್ರ ಒಳಬರುವ ಎಲ್ಲವನ್ನೂ ಅದರ ಪಕ್ಕದಲ್ಲಿಟ್ಟು ಹೋಲಿಸುತ್ತದಂತೆ. ಹಾಡು ಕದ್ದು ಮಾರುವವನು ಯಾರು, ಹಾಡು ಕೇಳಿಸುವಷ್ಟು ದೂರದಲ್ಲಿ ಹಸುವಿನ ವಿಡಿಯೋ ಹಿಡಿಯುವವನು ಯಾರು ಎಂಬ ಭೇದ ಅದಕ್ಕೆ ತಿಳಿಯದು.

ಯಂತ್ರ ಹಾಗಿರಲಿ, ಮನುಷ್ಯರು ಕಳಿಸುವ ನೋಟಿಸಿಗೆ ಕ್ರಮ ಒಂದಿದೆ. ಅಮೆರಿಕದ 1998ರ ಕಾಯಿದೆಯ ಪ್ರಕಾರ, ಇದು ನನ್ನದು ಎಂದು ಯಾರಾದರೂ ಸಹಿ ಹಾಕಿ ಬರೆದುಕೊಟ್ಟರೆ ಜಾಲತಾಣ ಮೊದಲು ಅದನ್ನು ತೆಗೆದುಹಾಕುತ್ತದೆ. ತೆಗೆಸಿಕೊಂಡವನು, ಇಲ್ಲ, ತಪ್ಪಾಗಿದೆ ಎಂದು ಮರುಪತ್ರ ಬರೆದರೆ, ಮೊದಲಿನವನು ಕೋರ್ಟಿಗೆ ಹೋಗದೆ ಇದ್ದಲ್ಲಿ, 10ರಿಂದ 14 ಕೆಲಸದ ದಿನಗಳಲ್ಲಿ ವಾಪಸ್ಸು ಹಾಕಬೇಕು. ನಮ್ಮಲ್ಲಿ 1957ರ ಕಾಪಿರೈಟ್ ಕಾಯಿದೆಗೆ 2012ರಲ್ಲಿ ಮಾಡಿದ ತಿದ್ದುಪಡಿ ಇದೇ ದಾರಿಯದು: ದೂರು ಬಂದರೆ 21 ದಿನ ತಡೆಯಬೇಕು, ಅಷ್ಟರಲ್ಲಿ ಕೋರ್ಟಿನ ಆದೇಶ ಬರದಿದ್ದರೆ ಮತ್ತೆ ತೆರೆಯಬಹುದು. ಕಾಗದದ ಮೇಲೆ ಎಷ್ಟು ಚೆಂದ! ಆದರೆ ದೂರು ಬರೆಯುವುದು ಸುಲಭ, ಮರುಪತ್ರ ಬರೆಯಲು ಧೈರ್ಯ ಬೇಕು. ವಕೀಲರ ಲೆಟರ್‌ಹೆಡ್ ನೋಡಿದ ಕೂಡಲೇ ನಮ್ಮಂಥವರಿಗೆ ನೆನಪಾಗುವುದು ನಮ್ಮ ಹಕ್ಕಲ್ಲ, ರಕ್ತದೊತ್ತಡದ ಮಾತ್ರೆ.

ಇರಲಿ, ತಲೆಯ ವಿಚಾರಕ್ಕೆ ಬರೋಣ. ಜಗಳ ಅಲ್ಲೇ ಇದೆಯಲ್ಲ. ಇಂಗ್ಲೆಂಡಿನಲ್ಲಿ ಗ್ಯಾರಿ ನ್ಯೂಮನ್ ಎಂಬವರಿದ್ದಾರೆ. ‘ಹಾಫ್-ಲೈಫ್ 2’ ಬಂದ ಹೊಸತರಲ್ಲಿ, 2004ರಲ್ಲೇ, ಅದರ ಸಾಮಾನುಗಳನ್ನು ಬೇಕಾದ ಹಾಗೆ ಎತ್ತಿ ಇಳಿಸಿ ಜೋಡಿಸಬಹುದಾದ ಒಂದು ಮಾಡ್, ಅಂದರೆ ಇರುವ ಆಟದ ಮೇಲೆ ಕಟ್ಟಿದ ಮಾರ್ಪಾಡು, ಮಾಡಿದರು. ಹೆಸರು ‘ಗ್ಯಾರೀಸ್ ಮಾಡ್’. ಅದರಲ್ಲಿ ಗೆಲ್ಲುವುದು, ಸೋಲುವುದು ಏನೂ ಇಲ್ಲ. ಒಂದು ಸ್ನಾನದ ತೊಟ್ಟಿಗೆ ನಾಲ್ಕು ರಾಕೆಟ್ಟು ಕಟ್ಟಿ ಹಾರಿಸಬೇಕೆನಿಸಿದರೆ ಹಾರಿಸಬಹುದು. ವಾಲ್ವ್‌ನ ಒಪ್ಪಿಗೆಯಿಂದ 2006ರ ನವೆಂಬರಿನಿಂದ ಅದು ಅವರದೇ ಅಂಗಡಿಯಾದ ಸ್ಟೀಮಿನಲ್ಲಿ ಮಾರಾಟಕ್ಕೆ ನಿಂತಿತು. ಈವರೆಗೆ ಎರಡು ಕೋಟಿಗೂ ಹೆಚ್ಚು ಪ್ರತಿ ಹೋಗಿದೆ. ಇದರಲ್ಲಿ ನನಗೆ ಬಹಳ ಹಿಡಿಸಿದ ಗುಣ ಒಂದಿತ್ತು. ಬೇರೊಂದು ಆಟದ ಸಾಮಾನು ಬಳಸಿ ಯಾರೋ ಊರು ಕಟ್ಟಿದ್ದಾರೆ ಎನ್ನಿ. ಆ ಆಟವನ್ನು ನೀವು ಕೊಂಡಿರದಿದ್ದರೆ ಆ ಊರಿನ ಗೋಡೆ ನಿಮಗೆ ಕಾಣಿಸುತ್ತಿರಲಿಲ್ಲ. ಅಲ್ಲಿ ಗುಲಾಬಿ ಕಪ್ಪು ಚೌಕುಳಿಯ ಹಾಸು ಕಾಣುತ್ತಿತ್ತು, ಸಾಮಾನು ಇರಬೇಕಾದ ಕಡೆ ಕೆಂಪಕ್ಷರದಲ್ಲಿ ‘ಎರರ್’ ಎಂದು ನಿಂತಿರುತ್ತಿತ್ತು. ಇದು ನಿನ್ನದಲ್ಲ, ಆದ್ದರಿಂದ ನಿನಗೆ ಕಾಣದು. ಇಷ್ಟು ನಿಷ್ಠುರ ಸತ್ಯವಂತಿಕೆಯನ್ನು ನಾನು ಮನುಷ್ಯರಲ್ಲಿ ಕಂಡದ್ದು ಕಡಿಮೆ.

2024ನೇ ಇಸವಿ ಈ ನ್ಯೂಮನ್ನರಿಗೆ ನೋಟಿಸಿನ ವರ್ಷ. ಏಪ್ರಿಲಿನಲ್ಲಿ ನಿಂಟೆಂಡೊದವರು, ‘ಗ್ಯಾರೀಸ್ ಮಾಡ್’ ಬಳಸುವ ಜನ ಹಾಕಿರುವ ನಮ್ಮ ಪಾತ್ರಗಳನ್ನೆಲ್ಲ ತೆಗೆಸಿ ಎಂದರು. ಇಪ್ಪತ್ತು ವರ್ಷದಿಂದ ಅಭಿಮಾನಿಗಳು ಪ್ರೀತಿಯಿಂದ ಕೂಡಿಸಿಟ್ಟಿದ್ದ ಮಾರಿಯೋಗಳು, ಅವರ ಸಂಗಡಿಗರು ಎಲ್ಲ ಒಂದೊಂದಾಗಿ ಹೋಗಬೇಕಾಯಿತು. ಬಹಳ ಜನ ಕೂಗಾಡಿದರು. ನ್ಯೂಮನ್ ಕೂಗಾಡಲಿಲ್ಲ. ಅದು ನಿಂಟೆಂಡೊದವರ ಸ್ವತ್ತು, ಕೇಳಿದ್ದು ನ್ಯಾಯವೇ ಎಂಬರ್ಥದಲ್ಲಿ ಮಾತಾಡಿ ತೆಗೆಸಲು ಹೊರಟರು. ಜುಲೈಯಲ್ಲಿ ಇನ್ನೊಂದು ನೋಟಿಸು ಬಂತು. ಸ್ಕಿಬಿಡಿ ಟಾಯ್ಲೆಟ್ಟಿನ ಹಕ್ಕುದಾರರ ಪರವಾಗಿ ಎಂದು ಹೇಳಿಕೊಂಡ ನೋಟಿಸು: ‘ಗ್ಯಾರೀಸ್ ಮಾಡ್’ನಲ್ಲಿ ಜನ ಮಾಡಿ ಹಾಕಿರುವ ಸ್ಕಿಬಿಡಿ ಕಮೋಡು, ಕ್ಯಾಮೆರಾ ತಲೆಯ ದೈತ್ಯ, ಸ್ಪೀಕರ್ ತಲೆಯ ದೈತ್ಯ ಇವೆಲ್ಲ ನಮ್ಮವು, ತೆಗೆಯಿರಿ.

ಓದುಗರೇ, ಒಂದು ನಿಮಿಷ ಇಲ್ಲಿ ನಿಲ್ಲೋಣ. ಯಾವ ತಲೆ? ವಾಲ್ವ್‌ನ ತಲೆ. ಯಾರ ಮೇಲೆ ನೋಟಿಸು? ವಾಲ್ವ್‌ನ ಒಪ್ಪಿಗೆ ಪಡೆದು ವಾಲ್ವ್‌ನ ಸಾಮಾನಿನಿಂದಲೇ ಹುಟ್ಟಿದ ಆಟದ ಮೇಲೆ. ಪಕ್ಕದ ಮನೆಯ ಡಬರಿಯಲ್ಲಿ ಪಾಯಸ ಮಾಡಿದವರು, ಅದೇ ಮನೆಯಿಂದ ಡಬರಿ ತಂದ ಇನ್ನೊಬ್ಬರ ಬಾಗಿಲು ತಟ್ಟಿ ಪಾತ್ರೆ ಕೆಳಗಿಡಿ ಎಂದ ಹಾಗಾಯಿತು. ಏಪ್ರಿಲಿನಲ್ಲಿ ತಾಳ್ಮೆಯಿಂದಿದ್ದ ನ್ಯೂಮನ್, ಎಂಥ ಉದ್ಧಟತನ ನೋಡಿ ಎಂದು ಬಹಿರಂಗವಾಗಿಯೇ ಹೇಳಿದರು. ಗೆರಾಸಿಮೊವ್ ಅಂತೂ, ನಾನು ಇದನ್ನು ಕಳಿಸಿಲ್ಲ ಎಂದು ಹೇಳಿಕೆ ಕೊಟ್ಟ. ಮುಂದೆ ಅದು ಬಗೆಹರಿಯಿತೆಂದು ನ್ಯೂಮನ್ ತಿಳಿಸಿದರು. ಕೋರ್ಟು ಮೆಟ್ಟಿಲು ಹತ್ತಲಿಲ್ಲ. ನನಗೇನೋ ಹತ್ತಬೇಕಿತ್ತು ಅನಿಸುತ್ತದೆ. ನ್ಯಾಯಾಧೀಶರು ಗಂಭೀರ ಮುಖ ಹಾಕಿಕೊಂಡು, “ಸದರಿ ಕಮೋಡಿನಲ್ಲಿರುವ ಸದರಿ ತಲೆ” ಎಂದು ತೀರ್ಪು ಬರೆಸುವುದನ್ನು ನೋಡುವ ಭಾಗ್ಯ ತಪ್ಪಿತು.

ನ್ಯಾಯವಾಗಿ ಹೇಳಬೇಕೆಂದರೆ, ಕ್ಯಾಮೆರಾ ತಲೆಯ ದೈತ್ಯನ ಕಲ್ಪನೆಯಲ್ಲಿ ಗೆರಾಸಿಮೊವ್‌ನ ಕೈಯೂ ಇದೆ. ಆ ಪಾಯಸ ಅವನದೇ. ಬೇರೊಬ್ಬರು ಅದನ್ನು ಬಟ್ಟಲಿಗೆ ಹಾಕಿ ಮಾರಿದರೆ ಸಿಟ್ಟು ಬರುವುದು ಸಹಜ. ಇದು ಅಂಥ ಹೊಸ ಪ್ರಶ್ನೆಯೂ ಅಲ್ಲ. 1996ರ ‘ಡ್ಯೂಕ್ ನ್ಯೂಕೆಮ್ 3ಡಿ’ ಆಟದ ಜೊತೆ ಹೊಸ ಹಂತಗಳನ್ನು ತಾವೇ ಕಟ್ಟಿಕೊಳ್ಳುವ ಸಾಧನವನ್ನೂ ಕೊಟ್ಟಿದ್ದರು. ಕಟ್ಟಿ, ಪುಕ್ಕಟೆ ಹಂಚಿಕೊಳ್ಳಿ ಎಂಬುದು ಕರಾರು. ಜನ ಕಟ್ಟಿದರು, ಹಂಚಿದರು. ಮೈಕ್ರೋ ಸ್ಟಾರ್ ಎಂಬ ಕಂಪನಿ ಅವುಗಳಲ್ಲಿ 300 ಹಂತಗಳನ್ನು ಆರಿಸಿ ಸಿಡಿಗೆ ತುಂಬಿ ಮಾರತೊಡಗಿತು. ಆಟದ ಒಡೆಯರು ಕೇಳಿದಾಗ ಅವರ ವಾದ ಜಾಣತನದ್ದೇ: ನಮ್ಮ ಸಿಡಿಯಲ್ಲಿರುವ ಕಡತಗಳಲ್ಲಿ ನಿಮ್ಮ ಒಂದು ಚಿತ್ರವೂ ಇಲ್ಲ, ಯಾವ ಚಿತ್ರ ಎಲ್ಲಿಡಬೇಕು ಎಂಬ ಸೂಚನೆ ಮಾತ್ರ ಇದೆ. 1998ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಚಿತ್ರ ಇಲ್ಲದಿದ್ದರೇನು, ಡ್ಯೂಕ್‌ನ ಹೊಸ ಸಾಹಸಗಳನ್ನೇ ಹೇಳುತ್ತಿದ್ದೀರಿ, ಆ ಕತೆಯನ್ನು ಮುಂದುವರಿಸುವ ಹಕ್ಕು ಅವನ ಒಡೆಯರದು ಎಂದಿತು. ಹಂಚಿದ ಹುಡುಗರಿಗೆ ಒಪ್ಪಿಗೆ ಇತ್ತು, ಮಾರಿದ ವ್ಯಾಪಾರಿಗೆ ಇರಲಿಲ್ಲ. ಈ ಮೊಕದ್ದಮೆಯಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಬೇರೆ: ಆ 300 ಹಂತಗಳನ್ನು ರಾತ್ರಿ ನಿದ್ದೆಗೆಟ್ಟು ಕಟ್ಟಿದವರನ್ನು ಎರಡು ಕಡೆಯ ವಕೀಲರೂ ದೊಡ್ಡದಾಗಿ ವಿಚಾರಿಸಿಕೊಂಡ ಹಾಗಿಲ್ಲ.

ಅದನ್ನೇ ತಂಗಿಯ ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು, “ಮಾವ, ನಾವು ಮಾಡಿದ ಬಾಗಿಲೂ ನಮ್ಮದಲ್ಲ” ಎಂದಳು. ಒಂದು ಹಳೆಯ ಕಬ್ಬಿಣದ ಬಾಗಿಲಿಗೆ ಅವಳು ಎಷ್ಟೋ ದಿನ ತುಕ್ಕು ಹಿಡಿಸುತ್ತಾಳೆ. ಮಳೆ ನೀರು ಎಲ್ಲಿಂದ ಇಳಿಯುತ್ತದೆ, ಚಿಲಕ ಉಜ್ಜಿ ಉಜ್ಜಿ ಎಲ್ಲಿ ಬಣ್ಣ ಹೋಗಿರುತ್ತದೆ, ಜನ ಕಾಲಿನಿಂದ ತಳ್ಳುವ ಜಾಗ ಯಾವುದು, ಎಲ್ಲ ಯೋಚಿಸಬೇಕು. ಆಟ ಆಡುವವನು ಅದನ್ನು ಒದ್ದು ಮುಂದೆ ಓಡುತ್ತಾನೆ, ಅರೆಕ್ಷಣದ ಮಾತು. ನೌಕರಿಯಲ್ಲಿದ್ದು ಮಾಡಿದ ಕೃತಿಯ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಯಜಮಾನನದು ಎಂದು ನಮ್ಮ ಕಾಯಿದೆಯೂ ಹೇಳುತ್ತದೆ. ಈ ಕೆಲಸ ಬೆಂಗಳೂರಿಗೆ ಹೊಸದೇನಲ್ಲ. ರಾಜೇಶ್ ರಾವ್ ಅವರು 1997ರಲ್ಲೇ ಅಲ್ಲಿ ‘ಧ್ರುವ ಇಂಟರಾಕ್ಟಿವ್’ ಕಟ್ಟಿದರು. ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಬೇಕಾದ ವಾಹನ, ಕಟ್ಟಡ, ಸಾಮಾನುಗಳು ಅಲ್ಲಿ ತಯಾರಾದವು. 2019ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಮಾಡುವ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡಿತು. ಅಂದರೆ, ಯಾವನೋ ಹುಡುಗ ಯಾವುದೋ ದೇಶದಲ್ಲಿ ಕೂತು ಆಟದಿಂದ ಒಂದು ಲಾರಿ ಎತ್ತಿಕೊಂಡು ತಮಾಷೆ ವಿಡಿಯೋ ಮಾಡಿದರೆ, ಆ ಲಾರಿಗೆ ಕೆಸರು ಮೆತ್ತಿದವರು ಬನಶಂಕರಿಯ ಬಸ್ಸಿಗೆ ಕಾಯುತ್ತಿರಬಹುದು. “ನಿನಗೆ ಬೇಜಾರಾಗಲ್ವೇನಮ್ಮ?” ಎಂದೆ. “ಕದ್ದು ಇನ್ನೊಂದು ಆಟಕ್ಕೆ ಮಾರಿದರೆ ಬೇಜಾರು. ತಮಾಷೆಗೆ ಬಳಸಿದರೆ, ಪರವಾಗಿಲ್ಲ, ಯಾರೋ ನಿಂತು ನೋಡಿದರಲ್ಲ ಅನ್ಸತ್ತೆ” ಎಂದಳು. ಕಾಯಿದೆಯ ಪುಸ್ತಕದಲ್ಲಿ ನನಗೆ ಇಷ್ಟು ಸ್ಪಷ್ಟವಾದ ಸಾಲು ಸಿಕ್ಕಿರಲಿಲ್ಲ.

ಹಕ್ಕಿನ ಅವಧಿ ಮುಗಿಯಲಿ ಎಂದು ಕಾಯಿದೆಯ ಪ್ರಕಾರ ಕಾಯಬಯಸುವವರೂ ಇರಬಹುದು. ಅಮೆರಿಕದಲ್ಲಿ ಕಂಪನಿಗಾಗಿ ಮಾಡಿದ ಕೃತಿಗೆ ಪ್ರಕಟವಾದ ವರ್ಷದಿಂದ 95 ವರ್ಷ ಹಕ್ಕು ಇರುತ್ತದೆ. ‘ಹಾಫ್-ಲೈಫ್ 2’ ಬಂದದ್ದು 2004ರಲ್ಲಿ. ಲೆಕ್ಕ ಹಾಕಿದೆ: ಆ ತಲೆ ಎಲ್ಲರ ಸ್ವತ್ತಾಗುವುದು 2100ನೇ ಇಸವಿಯ ಜನವರಿ ಒಂದರಂದು. ಅಷ್ಟು ಹೊತ್ತಿಗೆ ನಮ್ಮ ಮೊಮ್ಮಗನಿಗೆ ಎಂಬತ್ತು ದಾಟಿರುತ್ತದೆ. ಮಂಡಿನೋವಿನಲ್ಲಿ ಟಬ್ಬಿನೊಳಗೆ ಕುಕ್ಕರುಗಾಲು ಹಾಕಲು ಆದೀತೇ ಎಂಬುದು ಬೇರೆ ಪ್ರಶ್ನೆ.

ಅವನಿಗೂ ಪಕ್ಕದ ಮನೆಯ ಹುಡುಗನಿಗೂ ಮೊನ್ನೆ ಒಂದು ವ್ಯಾಜ್ಯ ಆಯಿತು. ಆ ಹುಡುಗ ಮಿಕ್ಸಿ ಬಂದ ರಟ್ಟಿನ ಪೆಟ್ಟಿಗೆಗೆ ಕಪ್ಪು ಬಣ್ಣ ಬಳಿದು ತಲೆಗೆ ಹಾಕಿಕೊಂಡು ಕ್ಯಾಮೆರಾಮ್ಯಾನ್ ಆಗಿ ಬಂದಿದ್ದ. ನಮ್ಮವನು ಮನೆಯೊಳಗೆ ಓಡಿ ಬೂಟಿನ ಡಬ್ಬಿಯೊಂದನ್ನು ಅದೇ ರೀತಿ ಮಾಡಿಕೊಂಡು ಬಂದ. ಕಾಪಿ ಹೊಡೆದ ಎಂದು ಅವನು, ನೀನೂ ಫೋನಿನಲ್ಲಿ ನೋಡಿಯೇ ತಾನೇ ಮಾಡಿದ್ದು ಎಂದು ಇವನು. ನಾನು ನ್ಯಾಯ ಹೇಳಲು ಚಪ್ಪಲಿ ಮೆಟ್ಟುವಷ್ಟರಲ್ಲಿ ನಮ್ಮ ಮನೆಯಾಕೆ ಜಗುಲಿಯಿಂದಲೇ, “ಇಬ್ಬರ ಪೆಟ್ಟಿಗೆಯೂ ಅಂಗಡಿಯದು, ಇಬ್ಬರೂ ಆಡ್ಕೊಳ್ಳಿ, ಇಲ್ದಿದ್ರೆ ಎರಡೂ ರದ್ದಿಗೆ ಹೋಗತ್ತೆ” ಎಂದಳು. ಅಮೆರಿಕದ ಮೇಲ್ಮನವಿ ನ್ಯಾಯಾಲಯಕ್ಕಿಂತ ಬೇಗ ಇತ್ಯರ್ಥವಾಯಿತು.

ಇಷ್ಟು ಕೇಳಿ, ನೋಡಿ ನನಗೆ ಗಟ್ಟಿಯಾದದ್ದು ಇದು. ಸಾಲ ತಂದ ಸಾಮಾನಿನಿಂದ ಒಳ್ಳೆಯದು ಹುಟ್ಟುತ್ತದೆ. ವ್ಯಾಸರ ಕತೆಯನ್ನು ತಂದು ಕುಮಾರವ್ಯಾಸ ಏನು ಮಾಡಿದ ಎಂದು ಕಂಡಿರುವ ನಾವು ಅದನ್ನು ಬೇರೆಯವರಿಂದ ಕಲಿಯಬೇಕಿಲ್ಲ. ಜಗಳ ಹತ್ತುವುದು ಎರಡೇ ಕಡೆ. ಒಡೆಯನು ಏನು ಸರಿ, ಏನು ಸಲ್ಲದು ಎಂದು ಮೊದಲೇ ಹೇಳದೆ ಆಮೇಲೆ ನೋಟಿಸು ಹಿಡಿದು ಬಂದಾಗ. ಸಾಲ ತಂದವನು ಅದು ಸಾಲವೆಂಬುದನ್ನೇ ಮರೆತು ಬೇಲಿ ಹಾಕಲು ಹೊರಟಾಗ. ಇವೆರಡರಲ್ಲಿ ಎರಡನೆಯದು ಹೆಚ್ಚು ಕೆಟ್ಟದ್ದು ಎಂದು ನನ್ನ ತೀರ್ಪು. ಅಪೀಲು ಇದ್ದರೆ ನಮ್ಮ ಮನೆಯಾಕೆಯ ಮುಂದೆ ಹಾಕಿಕೊಳ್ಳಬಹುದು.

ನಿಮ್ಮ ಮನೆಯಲ್ಲೂ ಆಟದ ದೃಶ್ಯ ತೆಗೆದು ವಿಡಿಯೋ ಮಾಡುವ ಮಕ್ಕಳಿದ್ದರೆ ಬೈಯಬೇಡಿ. ಆ ಆಟದವರು ಬರೆದಿಟ್ಟಿರುವ ನಿಯಮವನ್ನು ಅವರ ಜೊತೆ ಕೂತು ಒಮ್ಮೆ ಓದಿ. ವಾಲ್ವ್‌ನದನ್ನು ನಾನು ಓದಿದೆ, ಉದ್ದವೇನಿಲ್ಲ: ವಿಡಿಯೋ ಮಾಡಿ ಹಾಕಬಹುದು, ಯೂಟ್ಯೂಬಿನ ಜಾಹೀರಾತಿನ ದುಡ್ಡೂ ಪಡೆಯಬಹುದು, ನೋಡುವವರಿಂದ ಹಣ ವಸೂಲಿ ಮಾಡುವಂತಿಲ್ಲ, ವಿಡಿಯೋವನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ. ಯಾರ ಆಟದ ಸಾಮಾನು ಎಂದು ವಿಡಿಯೋದ ಕೆಳಗೆ ಬರೆಯುವ ಅಭ್ಯಾಸವನ್ನೂ ಮಾಡಿಸಿ. ಹಾಗೆ ಹೆಸರು ಬರೆದ ಮಾತ್ರಕ್ಕೆ ಅನುಮತಿ ಸಿಕ್ಕಿದಂತಲ್ಲ ಎಂಬುದನ್ನೂ ಕೂಡಲೇ ಹೇಳಿಬಿಡಿ. ಹೆಸರು ಹಾಕುವುದು ಮರ್ಯಾದೆ. ಅನುಮತಿಯನ್ನು ಬೇರೆಯೇ ಕೇಳಬೇಕು.